ಸಹಿ ಹಾಕುವ ಮುನ್ನ

ಪ್ರಶ್ನೆ: ಕಳ್ಳತನದ ಕೇಸಿನಲ್ಲಿ ತಮ್ಮನನ್ನು ಹಿಡಿದಿದ್ದಾರೆ. ಬಾಯಿ ಬಿಡದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ ಅಲ್ವಾ ಸರ್?

ಉತ್ತರ: ಅಲ್ಲಮ್ಮ. ತಪ್ಪನ್ನು ಸಾಬೀತು ಮಾಡಬೇಕಾದವರು ಆರೋಪ ಹೊರಿಸಿದವರು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡುವಂತಿಲ್ಲ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದದ 14ನೇ ವಿಧಿಯಲ್ಲೇ ಇದು ಇದೆ. ಆರೋಪ ಏನೆಂದು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಕೋರ್ಟಿನ ಭಾಷೆ ಬಾರದಿದ್ದರೆ ದುಭಾಷಿ ಪುಕ್ಕಟೆ.

ನನಗೆ ಜಾಸ್ತಿ ಭಯ ಸಹಿಯದ್ದು. ನನ್ನ ಕಕ್ಷಿದಾರನೊಬ್ಬ ಮೂರೇ ಸಾಲು ಬರೆದಿದ್ದ ಹಾಳೆಗೆ, ತೀರಾ ಕೆಳಗೆ, ಸುಮ್ನೆ ಸಹಿ ಹಾಕಿದ್ದ. ಕೋರ್ಟಿಗೆ ಬರುವಷ್ಟರಲ್ಲಿ ಮಧ್ಯದ ಖಾಲಿ ಜಾಗ ತುಂಬಿತ್ತು! ಶಾಯಿಯ ಬಣ್ಣವೇ ಬೇರೆ. ಅದನ್ನು ಬಿಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ತಮ್ಮನಿಗೆ ಹೇಳಿ: ಮೊದಲು ವಕೀಲರು, ಆಮೇಲೆ ಪೆನ್ನು.