ಬೆಳಿಗ್ಗೆ ಬೆರಳು ಮಡಚಲ್ಲ

ಪ್ರಶ್ನೆ: ನನಗೆ 42 ವರ್ಷ. ಬೆಳಿಗ್ಗೆ ಎದ್ದರೆ ಒಂದು ಗಂಟೆ ಬೆರಳು ಮಡಚಲು ಆಗಲ್ಲ. ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುರೋಗ ಎಂದು ಮೆಥೊಟ್ರೆಕ್ಸೇಟ್ ಮಾತ್ರೆ ಬರೆದಿದ್ದಾರೆ. ರೋಗನಿರೋಧಕ ಶಕ್ತಿ ಹೆಚ್ಚಲು ಕಷಾಯ ಕುಡಿಯಲೇ?
– ಓದುಗರು, ಮಲ್ಲೇಶ್ವರ

ಉತ್ತರ: ಅಮ್ಮಾ, ನಿಮ್ಮಲ್ಲಿ ಆ ಶಕ್ತಿ ಕಡಿಮೆಯಾಗಿಲ್ಲ, ದಾರಿ ತಪ್ಪಿದೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ರಕ್ತದ ಟಿ ಮತ್ತು ಬಿ ಎಂಬ ಬಿಳಿ ಕಣಗಳು ಕೀಲಿನ ಒಳಪದರವನ್ನೇ ಶತ್ರು ಅಂದುಕೊಂಡಿವೆ. ಅಲ್ಲಿ ಸೇರಿದ ಮ್ಯಾಕ್ರೊಫೇಜ್ ಎಂಬ ಇನ್ನೊಂದು ಬಗೆಯ ರಕ್ಷಣಾ ಕಣಗಳು ಟಿಎನ್‌ಎಫ್ ಎಂಬ ರಾಸಾಯನಿಕ ಬಿಡುತ್ತವೆ. ಊತ, ನೋವು ಅದರಿಂದಲೇ ಜಾಸ್ತಿ. ಚಿಕಿತ್ಸೆ ಇಲ್ಲದೆ ಹಾಗೇ ಬಿಟ್ಟರೆ ಮೂಳೆಯೂ ಸವೆಯುತ್ತದೆ.

ಗಾಂಧಿ ಬಜಾರಿನಲ್ಲಿ ಹೂ ಕಟ್ಟುವ ಒಬ್ಬರು ನನ್ನ ಹತ್ತಿರ ಬಂದಾಗ ಒಂದು ಮೊಳ ಮಲ್ಲಿಗೆ ಕಟ್ಟಲೂ ಆಗದೆ ಅತ್ತಿದ್ದರು. ಇದೇ ಮಾತ್ರೆ ಕೆಲಸ ಮಾಡಲು ಎರಡು ತಿಂಗಳು ಬೇಕಾಯಿತು. ಈಗ ದಾರ ಬಿಗಿಯಾಗಿ ಎಳೆಯುತ್ತಾರೆ.

ನೀವೂ ಸುಮ್ನೆ ಕಷಾಯ ನಂಬಿ ಮಾತ್ರೆ ಬಿಡಬೇಡಿ. ದಾರಿ ತಪ್ಪಿದ ಆ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.