ದೊಡ್ಡ ಪಕ್ಷದ ಟಿಕೆಟ್ ಇಲ್ಲದೆ ರೈತರೊಬ್ಬರು ಶಾಸಕರಾಗಬಹುದೇ?

ಖಂಡಿತ ಆಗಬಹುದು, ಆದರೆ ಬೇಗ ಆಗುವ ಕೆಲಸವಲ್ಲ. ಮಂಡ್ಯ ಜಿಲ್ಲೆ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರನ್ನೇ ನೋಡಿ. ರೈತ ಸಂಘದಿಂದ 1994ರಲ್ಲಿ ಪಾಂಡವಪುರದಲ್ಲಿ ಗೆದ್ದರು. ಮತ್ತೆ ವಿಧಾನಸಭೆಗೆ ಹೋದದ್ದು 2013ರಲ್ಲಿ, ಸರ್ವೋದಯ ಕರ್ನಾಟಕ ಪಕ್ಷದಿಂದ, ಮೇಲುಕೋಟೆ ಕ್ಷೇತ್ರದಿಂದ. 2018ರ ಫೆಬ್ರುವರಿಯಲ್ಲಿ ತೀರಿಕೊಂಡಾಗಲೂ ಶಾಸಕರಾಗಿದ್ದರು.

ಹಣವಿಲ್ಲದವರಿಗೆ ಸಂಘಟನೆಯೇ ಬಂಡವಾಳ. ಅದು ಹುಟ್ಟುವುದು ಕಬ್ಬಿನ ಬಾಕಿಯಂಥ ಜಗಳಗಳಲ್ಲಿ. ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡದಿದ್ದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು. ತೂಕದ ಚೀಟಿಗಳನ್ನು ಕೂಡಿಸಿ, ತಾರೀಖು ಲೆಕ್ಕಹಾಕಿ ಆ ಹಣ ಕೇಳಲು ಜೊತೆಗೆ ನಿಲ್ಲುವವರನ್ನು ಊರು ಮರೆಯುವುದಿಲ್ಲ.

ಇನ್ನು ನಾಮಪತ್ರ. ವಯಸ್ಸು 25 ತುಂಬಿರಬೇಕು. ಪಕ್ಷೇತರರಿಗೂ ಮಾನ್ಯತೆಯಿಲ್ಲದ ಪಕ್ಷದವರಿಗೂ ಅದೇ ಕ್ಷೇತ್ರದ 10 ಮತದಾರರು ಸೂಚಕರಾಗಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಸೋತವರಿಗೆ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಸಿಗದಿದ್ದರೆ ಠೇವಣಿ ವಾಪಸು ಬರುವುದಿಲ್ಲ. ರೈತರು ಎಡವುವುದು ಹೆಚ್ಚಾಗಿ ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ (ಅಫಿಡವಿಟ್): ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಪಿತ್ರಾರ್ಜಿತವೋ ಅಲ್ಲವೋ, ಈಗಿನ ಮಾರುಕಟ್ಟೆ ಬೆಲೆ ಎಲ್ಲ ಬರೆಯಬೇಕು. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಅಲ್ಲೇ ಗೊಂದಲ, ಹಾಗಾಗಿ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮೊದಲೇ ಮಾಡಿಸಿಕೊಳ್ಳಿ. ಯಾವ ಕಲಮನ್ನೂ ಖಾಲಿ ಬಿಡಬೇಡಿ. ನೋಟಿಸ್ ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕೃತವಾಗುತ್ತದೆ.

ಖರ್ಚಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಬೇಕು, ಮಿತಿ 40 ಲಕ್ಷ. ಸೋತರೂ ಸರಿ, ಫಲಿತಾಂಶದ 30 ದಿನದೊಳಗೆ ಲೆಕ್ಕ ಒಪ್ಪಿಸಿ. ಇಲ್ಲದಿದ್ದರೆ ಚುನಾವಣಾ ಆಯೋಗ 3 ವರ್ಷ ಅನರ್ಹಗೊಳಿಸಬಹುದು.