ಎರಡು ದೇಹಗಳು ಕೂಡುವ ಜಾಗ

ಪ್ರಶ್ನೆ: ನಾನು ಶಿಲ್ಪಕಲೆಯ ಕೊನೆಯ ವರ್ಷದ ವಿದ್ಯಾರ್ಥಿನಿ. ಪುರಾಣದ ಒಂದು ಜೀವಿಯನ್ನು ಆರಿಸಿಕೊಂಡು, ಸುತ್ತಲೂ ನೋಡಬಹುದಾದ ಎರಡು ಅಡಿ ಎತ್ತರದ ಮಣ್ಣಿನ ಶಿಲ್ಪವನ್ನು ಮಾಡಿ, ಸುಟ್ಟು ಒಪ್ಪಿಸಬೇಕಾಗಿದೆ. ಗಂಡಭೇರುಂಡ, ಫೀನಿಕ್ಸ್, ಗರುಡ, ಈ ಮೂರರ ನಡುವೆ ಮನಸ್ಸು ತೂಗಾಡುತ್ತಿದೆ. ರಾಶಿ ರಾಶಿ ಚಿತ್ರಗಳನ್ನು ಕೂಡಿಹಾಕಿದ್ದೇನೆ. ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಯಾವ ಆಧಾರದ ಮೇಲೆ ಆರಿಸಲಿ?

ಉತ್ತರ: ಆ ಚಿತ್ರಗಳನ್ನು ಕೆಲವು ದಿನ ಕಣ್ಣಿಗೆ ಬೀಳದಂತೆ ಎತ್ತಿಡಿ. ಅವು ಬೇರೆಯವರು ತಮ್ಮ ತಮ್ಮ ಮಾಧ್ಯಮದಲ್ಲಿ ಕಂಡುಕೊಂಡ ಉತ್ತರಗಳು. ಅದರ ಬದಲು ಮೂರೂ ಜೀವಿಗಳ ಕಥೆಯನ್ನು ಓದಿ, ಪ್ರತಿಯೊಂದೂ ಏನು ಮಾಡುತ್ತದೆ ಎಂಬುದನ್ನು ಒಂದೊಂದು ವಾಕ್ಯದಲ್ಲಿ ಬರೆದುಕೊಳ್ಳಿ. ಆ ವಾಕ್ಯದ ಕ್ರಿಯಾಪದಕ್ಕೂ ನಿಮ್ಮ ಕೈಯಲ್ಲಿರುವ ಮಣ್ಣಿಗೂ ಹೊಂದುತ್ತದೆಯೇ ಎಂದು ನೋಡುವುದೇ ಆಯ್ಕೆಯ ಮೊದಲ ಹೆಜ್ಜೆ.

ಫೀನಿಕ್ಸ್ ಉರಿದು ಬೂದಿಯಾಗಿ, ಮರಳಿ ಹುಟ್ಟುತ್ತದೆ. ಈ ವಾಕ್ಯದ ಜೀವ ಬೆಂಕಿಯ ಬಣ್ಣದಲ್ಲಿಯೂ ಬೆಳಕಿನಲ್ಲಿಯೂ ಇದೆ. ಮಣ್ಣಿನಲ್ಲಿ ಮಾಡಿದ ಜ್ವಾಲೆ ಎಲೆಯಂತೆ ಕಾಣುವ ಅಪಾಯವಿದೆ, ಮೇಲಾಗಿ ಅದರ ತೆಳುವಾದ ತುದಿಗಳು ಒಣಗುವಾಗಲೇ ಬಿರುಕು ಬಿಡುತ್ತವೆ. ಹಾಗೆಂದು ಅದನ್ನು ಕೂಡಲೇ ಕೈಬಿಡಬೇಕಾಗಿಲ್ಲ. ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಕಥೆಯಲ್ಲಿ ಬೆಂಕಿಯ ಸುದ್ದಿಯೇ ಇಲ್ಲ. ಅಲ್ಲಿ ಈ ಹಕ್ಕಿ ರಕ್ತಬೋಳದ ಅಂಟಿನಿಂದ ಒಂದು ಮೊಟ್ಟೆಯನ್ನು ಮಾಡಿ, ಅದನ್ನು ಹೊರಬಲ್ಲೆನೇ ಎಂದು ಮೊದಲು ಎತ್ತಿ ನೋಡಿ, ಆಮೇಲೆ ಒಳಗನ್ನು ಟೊಳ್ಳು ಮಾಡಿ, ಸತ್ತ ತಂದೆಯನ್ನು ಅದರಲ್ಲಿಟ್ಟು ಮುಚ್ಚಿ, ಈಜಿಪ್ಟಿನ ಸೂರ್ಯದೇವಾಲಯಕ್ಕೆ ಹೊತ್ತೊಯ್ಯುತ್ತದೆ. ಟೊಳ್ಳು ಮಾಡುವುದು, ಒಳಗಿಡುವುದು, ಮುಚ್ಚುವುದು: ಇವೆಲ್ಲ ಮಣ್ಣಿನ ಕೆಲಸಗಳೇ. ಒಂದೇ ಜೀವಿಯ ಎರಡು ಕಥೆಗಳಲ್ಲಿ ಒಂದು ಮಣ್ಣಿಗೆ ಒಗ್ಗದೆ ಇನ್ನೊಂದು ಇಷ್ಟು ಸಹಜವಾಗಿ ಒಲಿಯುವುದನ್ನು ಕಂಡಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಗಂಡಭೇರುಂಡ ಮುಖ್ಯವಾಗಿ ಎದುರಿನಿಂದ ನೋಡುವ ರೂಪ. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪವೊಂದರಲ್ಲಿ ಆನೆಯನ್ನು ಸಿಂಹ, ಸಿಂಹವನ್ನು ಶರಭವೆಂಬ ಪುರಾಣದ ಮೃಗ, ಶರಭವನ್ನು ಗಂಡಭೇರುಂಡ ಹಿಡಿದಿರುವ ಸರಪಳಿಯಿದ್ದು, ಅದು ಉಬ್ಬುಶಿಲ್ಪದಲ್ಲಿ ಬಹಳ ಚೆನ್ನಾಗಿ ಕೂತಿದೆ. ಆದರೆ ನಿಮ್ಮ ಶಿಲ್ಪದ ಸುತ್ತ ನಡೆಯುವವರು ಪಕ್ಕಕ್ಕೆ ಬಂದ ಕ್ಷಣ ಒಂದು ತಲೆಯ ಹಿಂದೆ ಇನ್ನೊಂದು ಮರೆಯಾಗಿ, ಸಾಮಾನ್ಯ ಹಕ್ಕಿಯೊಂದೇ ಉಳಿಯುತ್ತದೆ. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಗಂಡಭೇರುಂಡಕ್ಕೆ ಮನುಷ್ಯನ ದೇಹವಿದೆ. ಅಗಲವಾದ ಹೆಗಲು ಎರಡು ಕೊರಳುಗಳನ್ನು ಹೊರುವುದು ಹಕ್ಕಿಯ ಕಿರಿದಾದ ಎದೆಗಿಂತ ಸುಲಭ. ಇದನ್ನೇ ಆರಿಸುವುದಾದರೆ ಆ ದಾರಿಯನ್ನು ಪರೀಕ್ಷಿಸಿ.

ನನ್ನ ಒಲವು ಗರುಡನ ಕಡೆಗಿದೆ. ತಾಯಿ ವಿನತೆಯನ್ನು ಸರ್ಪಗಳ ತಾಯಿ ಕದ್ರುವಿನ ದಾಸ್ಯದಿಂದ ಬಿಡಿಸಲು ಅವನು ಅಮೃತವನ್ನು ತರುತ್ತಾನೆ. ಕಲಶ ಕೈಯಲ್ಲಿದ್ದರೂ ತಾನು ಒಂದು ಹನಿಯನ್ನೂ ಕುಡಿಯುವುದಿಲ್ಲ. ಅದನ್ನು ದರ್ಭೆಯ ಮೇಲೆ ಇಟ್ಟು, ಸ್ನಾನ ಮಾಡಿ ಬಂದು ಕುಡಿಯಿರಿ ಎಂದು ಸರ್ಪಗಳಿಗೆ ಹೇಳುತ್ತಾನೆ. ಹಾರುವ ಗರುಡನನ್ನು ಬಹಳ ಮಂದಿ ಮಾಡಿದ್ದಾರೆ. ಕಲಶವನ್ನು ಇಡುತ್ತಿರುವ, ಬೆರಳು ಅದರಿಂದ ಇನ್ನೂ ಬಿಡಿಸಿಕೊಳ್ಳದ ಗರುಡನನ್ನು ಯೋಚಿಸಿ ನೋಡಿ. ಮಂಡಿಯೂರಿದ ದೇಹ, ಮಡಿಸಿ ನೆಲಕ್ಕೆ ತಾಗಿದ ರೆಕ್ಕೆಗಳು. ಹಸಿ ಮಣ್ಣಿನಲ್ಲಿ ಚಾಚಿದ ರೆಕ್ಕೆ ಜೋತು ಬೀಳುತ್ತದೆ, ಮಡಿಸಿದ ರೆಕ್ಕೆಯಾದರೋ ಇಡೀ ಶಿಲ್ಪಕ್ಕೆ ಊರುಗೋಲಾಗುತ್ತದೆ.

ಇನ್ನು ನಿಜವಾದ ಕಷ್ಟವಿರುವುದು ಎರಡು ದೇಹಗಳು ಕೂಡುವ ಜಾಗದಲ್ಲಿ. ಹಕ್ಕಿಯ ರೆಕ್ಕೆಯೆಂದರೆ ಅದರ ಮುಂಗಾಲೇ, ಅಂದರೆ ನಮ್ಮ ತೋಳಿಗೆ ಸಮನಾದ ಅಂಗ. ತೋಳೂ ರೆಕ್ಕೆಯೂ ಇರುವ ಗರುಡನಿಗೆ ಎರಡು ಜೊತೆ ಹೆಗಲುಗಳು ಬೇಕಾಗುತ್ತವೆ. ಎರಡನೆಯದು ಬೆನ್ನಿನಲ್ಲಿ ಎಲ್ಲಿ ಬೇರೂರುತ್ತದೆ ಎಂಬುದನ್ನು ನಿರ್ಧರಿಸದಿದ್ದರೆ ರೆಕ್ಕೆ ಅಂಟಿಸಿದಂತೆ ಕಾಣುತ್ತದೆ. ಗ್ರೀಸಿನ ಲೆಫ್ಕಾಂಡಿಯಲ್ಲಿ ಸಿಕ್ಕಿರುವ, ಕ್ರಿ.ಪೂ. 10ನೆಯ ಶತಮಾನದ, ಸುಮಾರು 36 ಸೆಂಟಿಮೀಟರ್ ಎತ್ತರದ ಸುಟ್ಟ ಮಣ್ಣಿನ ಸೆಂಟಾರ್ ಎಂಬ ಕುದುರೆಮನುಷ್ಯನನ್ನು ಈ ದೃಷ್ಟಿಯಿಂದ ಗಮನಿಸಿ. ಅದರ ಕುದುರೆಯ ಮೈ ಚಕ್ರದ ಮೇಲೆ ತಿರುಗಿಸಿ ಮಾಡಿದ ಟೊಳ್ಳು ಕೊಳವೆ. ಮಣ್ಣಿನವನು ಮಣ್ಣಿನ ಭಾಷೆಯಲ್ಲೇ ಕೀಲಿನ ಸಮಸ್ಯೆಯನ್ನು ಬಿಡಿಸಿದ್ದಾನೆ. ನೀವೂ ಮೊದಲು ಬೆನ್ನನ್ನೊಂದೇ ಅಂಗೈಯಗಲದಲ್ಲಿ ಮೂರು ನಾಲ್ಕು ಬಗೆಯಾಗಿ ಮಾಡಿ ನೋಡಿ. ಅದು ಕೂಡಿಬಂದರೆ ಆಯ್ಕೆ ಸರಿಯಾಗಿದೆ ಎಂದು ಮುಂದುವರಿಯಬಹುದು.

ಪ್ರಶ್ನೆ: ಜಲವರ್ಣದಲ್ಲಿ ನರಸಿಂಹನನ್ನು ಬರೆಯಬೇಕೆಂದಿದ್ದೇನೆ. ಸಂಪ್ರದಾಯದ ರೂಪದಿಂದ ಎಷ್ಟು ದೂರ ಹೋಗಬಹುದು?

ಉತ್ತರ: ಕಥೆಯನ್ನು ಹೊತ್ತಿರುವ ಅಂಶಗಳನ್ನು ಬಿಡಬೇಡಿ; ಉಳಿದದ್ದರಲ್ಲಿ ನೀವು ಸ್ವತಂತ್ರರು. ಹಿರಣ್ಯಕಶಿಪುವಿನ ವರವೇ ಇಲ್ಲಿ ನಿಮ್ಮ ಸಂಯೋಜನೆಯನ್ನು ಮಾಡಿಕೊಡುತ್ತದೆ. ಒಳಗೂ ಅಲ್ಲ ಹೊರಗೂ ಅಲ್ಲ ಎಂದರೆ ಹೊಸ್ತಿಲು. ಹಗಲೂ ಅಲ್ಲ ಇರುಳೂ ಅಲ್ಲ ಎಂದರೆ ಮುಸ್ಸಂಜೆ. ನೆಲವೂ ಅಲ್ಲ ಆಕಾಶವೂ ಅಲ್ಲ ಎಂದರೆ ತೊಡೆ. ಆಯುಧವಲ್ಲ ಎಂದರೆ ಉಗುರು. ಮುಸ್ಸಂಜೆಯ ಬೆಳಕು ಹೊಸ್ತಿಲಿನ ಒಂದು ಬದಿಯಿಂದ ಬಂದು ಇನ್ನೊಂದು ಬದಿ ಕತ್ತಲಲ್ಲಿ ಕರಗುವುದನ್ನು ಒದ್ದೆ ಕಾಗದದ ಮೇಲೆ ಹರಿಯುವ ಬಣ್ಣ ತಾನಾಗಿಯೇ ಹೇಳಬಲ್ಲದು. ಕಿರೀಟ, ಆಭರಣ, ಕಂಬದ ಅಲಂಕಾರ ಇವುಗಳನ್ನು ಬಿಟ್ಟರೂ ನರಸಿಂಹ ನರಸಿಂಹನೇ. ಹೊಸ್ತಿಲನ್ನು ಬಿಟ್ಟರೆ ವರದ ಒಗಟು ಕಳಚಿಹೋಗುತ್ತದೆ. ಸಿಂಹವೂ ಮನುಷ್ಯನೂ ಕೂಡುವ ಕೊರಳನ್ನು ಕೇಸರ ಮುಚ್ಚುವುದರಿಂದ ನಿಮ್ಮ ಕಷ್ಟ ಅರ್ಧ ಕಡಿಮೆಯಾಗುತ್ತದೆ. ಆ ಅನುಕೂಲವನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಿ.

ಪ್ರಶ್ನೆ: ಪುರಾಣದ ಜೀವಿಯ ಬದಲು ಹಲವು ಪ್ರಾಣಿಗಳನ್ನು ಬೆರೆಸಿ ನನ್ನದೇ ಜೀವಿಯನ್ನು ಕಟ್ಟಬಹುದೇ?

ಉತ್ತರ: ಕಟ್ಟಬಹುದು, ಪ್ರತಿ ಅಂಗಕ್ಕೂ ಒಂದು ಕೆಲಸವಿದ್ದರೆ. 15ನೆಯ ಶತಮಾನದ ಒಡಿಯಾ ಕವಿ ಸಾರಳಾದಾಸನ ಮಹಾಭಾರತದಲ್ಲಿ ಬರುವ ನವಗುಂಜರಕ್ಕೆ ಹುಂಜದ ತಲೆ, ನವಿಲಿನ ಕೊರಳು, ಗೂಳಿಯ ಹಿಣಿಲು, ಹಾವಿನ ಬಾಲ ಹೀಗೆ ಒಂಬತ್ತು ಜೀವಿಗಳ ಅಂಗಗಳಿದ್ದು, ಅವುಗಳಲ್ಲಿ ಒಂದು ಮನುಷ್ಯನ ಕೈ. ಬಿಲ್ಲೆತ್ತಿದ ಅರ್ಜುನ ಆ ಕೈಯನ್ನು ಕಂಡು, ಇದು ಕೃಷ್ಣನೆಂದು ಅರಿತು ಬಿಲ್ಲಿಳಿಸುತ್ತಾನೆ. ಎಂಟು ಅಂಗಗಳು ಬೆರಗು ಹುಟ್ಟಿಸುತ್ತವೆ, ಒಂಬತ್ತನೆಯದು ಕಥೆಯನ್ನು ತಿರುಗಿಸುತ್ತದೆ. ನಿಮ್ಮ ಜೀವಿಯಲ್ಲಿ ಅಂಥ ಅಂಗ ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಿ.

ಉಳಿದ ಅಂಗಗಳನ್ನು ನೆನಪಿನಿಂದ ಬರೆಯಬೇಡಿ. ಕಲ್ಪನೆಯ ಪ್ರಾಣಿ ಸಹಜವಾಗಿ ಕಾಣಬೇಕಾದರೆ ಅದರ ಪ್ರತಿ ಅಂಗವೂ ಯಾವುದಾದರೂ ನಿಜವಾದ ಪ್ರಾಣಿಯ ಅಂಗವನ್ನು ಹೋಲಬೇಕು ಎಂದು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿದ್ದಾನೆ. ಡ್ರ್ಯಾಗನ್‌ಗೆ ಅವನು ಸೂಚಿಸಿದ್ದು ನಾಯಿಯ ತಲೆ, ಬೆಕ್ಕಿನ ಕಣ್ಣು, ಮುಳ್ಳುಹಂದಿಯ ಕಿವಿ, ಆಮೆಯ ಕೊರಳು. ಬೆಕ್ಕೊಂದು ಎಚ್ಚರವಾಗಿ ಕೂತಿರುವಾಗ ಅದರ ಕಣ್ಣನ್ನು ಹತ್ತು ಬಾರಿ ಬರೆಯಿರಿ. ಬೆಳಕು ಹೆಚ್ಚಿದಂತೆ ಪಾಪೆ ಕಿರಿದಾಗಿ ಗೆರೆಯಾಗುವುದನ್ನು ಕಾದು ನೋಡಿ ಬರೆದರೆ, ಅದೇ ಕಣ್ಣು ನಿಮ್ಮ ಜೀವಿಯ ಮುಖದಲ್ಲಿಯೂ ನಂಬುವಂತೆ ಕೂರುತ್ತದೆ.